ಹಲಸಿನಮರದ ತಿರುವಿನಲ್ಲಿ ಎರಡು ಕಡ್ಡಿ

ನಮ್ಮ ಭಾವನ ಬಳಿ ಮೂರು ಫೋನುಗಳಿದ್ದವು. ಬಸ್ಸಿನಲ್ಲಿ ಕೂತಿರುವಾಗ ಆ ಮೂರರಲ್ಲಿ ಯಾವುದಕ್ಕೆ ಕರೆ ಮಾಡಿದರೂ ಅವರು ಎತ್ತುತ್ತಿರಲಿಲ್ಲ! ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕು ಜಾಲಾಡಿ ನೋಡಿ, ಇಂಥ ಇನ್ನೊಂದು ಪ್ರಾಣಿ ಸಿಕ್ಕರೆ ನಾನು ಹೆಸರು ಬದಲಾಯಿಸಿಕೊಳ್ಳುತ್ತೇನೆ. ಫೋನ್ ಬಂದರೆ ಲೋಕದ ಜನ ಹಲೋ ಅನ್ನುತ್ತಾರೆ. ನಮ್ಮ ಭಾವ ಪಟ್ಟನೆ ಕಟ್ ಮಾಡಿ, ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲೇ ಉದ್ದನೆಯ ಪುಸ್ತಕವೊಂದನ್ನು ಬಿಡಿಸಿ ಬರೆದುಕೊಳ್ಳುತ್ತಿದ್ದರು. ಏನಂತ? "ಬಂತು" ಅಂತ!

ಬರೆಯುವುದೇ ಅವರ ವೃತ್ತಿ. ಹೊಸನಗರದ ತಾಲೂಕು ಕಚೇರಿಯ ಎದುರು ಒಂದು ಪುಟ್ಟ ಕೋಣೆಯಲ್ಲಿ ಕೂತು ಊರವರ ಕ್ರಯಪತ್ರ, ಪಾಲುಪತ್ರ, ಖಾತೆ ಬದಲಾವಣೆಯ ಅರ್ಜಿ ಬರೆದು ಬರೆದು ತಲೆ ನರೆತವರು. ಊರಿಗೆಲ್ಲ ಅವರು 'ರೈಟರು'. ಹೀಗೆ ಬರೆದೂ ಬರೆದೂ ಅವರಿಗೆ ಬೇರೆ ಕನ್ನಡವೇ ಮರೆತುಹೋಗಿತ್ತು. ನನ್ನ ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ಚೀಟಿ ಬರೆದಿಟ್ಟರೂ "ನಿನ್ನೆ ತಂದ ಬದನೆಕಾಯಿಗಳ ಪೈಕಿ ಎರಡು ಹುಳುಕಾಗಿರುತ್ತವೆ, ಸದರಿ ಬದನೆಕಾಯಿಗಳನ್ನು ಎಸೆಯತಕ್ಕದ್ದು" ಎಂದೇ ಇರುತ್ತಿತ್ತು. ಅಕ್ಕ ಆ ಚೀಟಿಗಳನ್ನು ಡಬ್ಬಿಯಲ್ಲಿ ಕೂಡಿಟ್ಟು, ನಾನು ಹೋದಾಗಲೆಲ್ಲ ಓದಿ ನಗಿಸುತ್ತಿದ್ದಳು.

ನಗುವ ಮನೆಯೇ ಅದು. ಆ ಮನೆಗೆ ಅಕ್ಕನ ಕಿಡ್ನಿ ಕಾಯಿಲೆ ಬಂದು ಕೂತಿತು. ಎರಡೂ ಕಿಡ್ನಿ ಹೋಗಿವೆ ಅಂದರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಭಾವನ ಜೊತೆ ಏಳರ ಬಸ್ಸು ಹತ್ತಿ ಸಾಗರಕ್ಕೆ ಡಯಾಲಿಸಿಸ್ಸಿಗೆ ಹೋಗುವುದು, ಮಧ್ಯಾಹ್ನದ ಮೇಲೆ ಹಿಂಡಿದ ಬಟ್ಟೆಯ ಹಾಗೆ ಹಿಂದೆ ಬರುವುದು. ನೀರು ಕುಡಿಯಲು ಲೆಕ್ಕ, ಉಪ್ಪಿಗೆ ಲೆಕ್ಕ, ಹಣ್ಣು ದೂರ. ಭಾವನ ಕಿಡ್ನಿ ಕೊಡೋಣವೆಂದರೆ ಅವರಿಗೆ ಸಕ್ಕರೆ ಕಾಯಿಲೆ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಕೊನೆಗೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನ ಹೆಸರನ್ನು ಸರತಿ ಪಟ್ಟಿಗೆ ಬರೆಸಿದರು. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ದಾನಕ್ಕೆ ಒಪ್ಪಿ, ಅದು ಅಕ್ಕನಿಗೆ ಹೊಂದಿದರೆ ಫೋನ್ ಬರುತ್ತದೆ. ಕೂಡಲೇ ಹೊರಡಬೇಕು. ಫೋನಿಗೆ ಸಿಗದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ.

ಇಷ್ಟು ಹೇಳಿದ್ದೇ ತಡ, ನಮ್ಮ ಭಾವನಿಗೆ ಭೂತ ಹಿಡಿಯಿತು!

ಅದಕ್ಕೆ ಸರಿಯಾಗಿ ಯಾವುದೋ ಪತ್ರಿಕೆಯಲ್ಲಿ ಒಂದು ವರದಿ ಬಂತು. ದೊಡ್ಡ ಪಟ್ಟಣದಲ್ಲಿ ರೈಲಿನಲ್ಲಿ ಓಡಾಡುವವರಿಗೆ ಯಾವ ಕಂಪನಿಯ ನೆಟ್‌ವರ್ಕ್ ಎಲ್ಲಿ ಚೆನ್ನಾಗಿ ಸಿಗುತ್ತದೆ, ಯಾವ ಸ್ಟೇಷನ್ನು ದಾಟಿದ ಮೇಲೆ ವಿಡಿಯೋ ನಿಂತುಹೋಗುತ್ತದೆ ಎಂದು ಯಾರೋ ಪ್ರಯಾಣ ಮಾಡಿ ಹೋಲಿಸಿ ಬರೆದಿದ್ದರು. ಭಾವ ಅದನ್ನು ಕತ್ತರಿಸಿ ಫೈಲಿಗೆ ಹಾಕಿ ನನಗೆ ಹೇಳಿದರು:

"ಅವ್ರಿಗೆ ಸಿನಿಮಾ ನಿಲ್ತದಂತೆ ಮಾರಾಯ್ತಿ, ಅದ್ಕೆ ಇಷ್ಟುದ್ದ ಬರ್ದಿದಾರೆ. ನಮ್ ಸಾಗರದ ರೋಡಲ್ಲಿ ಎಂತ ನಿಲ್ತದೆ ಅಂತ ಯಾರಾದ್ರೂ ಬರ್ದ್ರಾ? ನಾನೇ ಬರೀತೀನಿ."

ಬರೆದರು! ಮೂರು ಕಂಪನಿಯ ಮೂರು ಸಿಮ್ಮು, ಮೂರು ಫೋನು. ಕ್ರಯಪತ್ರದ ಅಭ್ಯಾಸ ನೋಡಿ, ಅವುಗಳಿಗೆ ಒಂದನೇ ಪಾರ್ಟಿ, ಎರಡನೇ ಪಾರ್ಟಿ, ಮೂರನೇ ಪಾರ್ಟಿ ಎಂದು ಹೆಸರಿಟ್ಟರು. ನೆಟ್‌ವರ್ಕ್ ಸಿಗುವ ಜಾಗಗಳಿಗೆ ಜಮೀನಿನ ಹಾಗೆ ಚಕ್ಕುಬಂದಿ ಬೇರೆ! "ಹಲಸಿನಮರದ ತಿರುವು: ಪೂರ್ವಕ್ಕೆ ಮೋರಿ, ಪಶ್ಚಿಮಕ್ಕೆ ಮುರಿದ ಬಸ್ ಸ್ಟ್ಯಾಂಡು, ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ಸದರಿ ಹಲಸಿನಮರ. ಈ ಮಧ್ಯೆ ಎರಡನೇ ಪಾರ್ಟಿಗೆ ಎರಡು ಕಡ್ಡಿ ಸ್ವಾಧೀನದಲ್ಲಿರುತ್ತದೆ. ಒಂದು ಮತ್ತು ಮೂರನೇ ಪಾರ್ಟಿಗಳಿಗೆ ಯಾವ ಹಕ್ಕೂ ಇರುವುದಿಲ್ಲ."

ಫೋನು ಸಿಗ್ನಲ್ಲಿನ ಕಡ್ಡಿ ತೋರಿಸಿದರೆ ಸಾಲದು, ನಿಜವಾಗಿ ಕರೆ ಬರುತ್ತದೋ ಇಲ್ಲವೋ ನೋಡಬೇಕಲ್ಲ? ಅದಕ್ಕೆ ನಾವು! ಒಂದು ಮತ್ತು ಮೂರನೇ ಪಾರ್ಟಿಗೆ ಸಾಗರದಲ್ಲಿದ್ದ ಅವರ ತಮ್ಮ, ಎರಡನೇ ಪಾರ್ಟಿಗೆ ತೀರ್ಥಹಳ್ಳಿಯಲ್ಲಿ ಹೈಸ್ಕೂಲ್ ಟೀಚರಾಗಿರುವ ನಾನು. ಅಕ್ಕ ಬಸ್ಸು ಹತ್ತುವ ದಿನ, ಬೆಳಿಗ್ಗೆ ಸರಿಯಾಗಿ ಏಳು ನಲವತ್ತಕ್ಕೆ ನಾನೊಂದು ಮಿಸ್ಡ್ ಕಾಲ್ ಕೊಡಬೇಕು. ಅವರು ಕಟ್ ಮಾಡುತ್ತಾರೆ. ಕಟ್ ಆಯಿತೆಂದರೆ ನೆಟ್‌ವರ್ಕ್ ಇದೆ ಎಂದರ್ಥ.

"ಅಲ್ಲ ಭಾವ, ಅದೇ ಹೊತ್ತಿಗೆ ಆಸ್ಪತ್ರೆಯವ್ರೇ ಮಾಡಿದ್ರೆ?" ಎಂದು ನಾನು ಒಮ್ಮೆ ಕೇಳಿದ್ದೆ.

"ನಂಬರ್ ನೋಡ್ದೆ ಕಟ್ ಮಾಡ್ತೀನನೇ? ನಾನೇನು ಹೆಡ್ಡನಾ?" ಎಂದು ರೇಗಿದ್ದರು. "ಅಷ್ಟಕ್ಕೂ ಆ ನಿಮಿಷ ನಿಂದು. ನೀನು ಬಿಟ್ರೆ ಯಾರು ಮಾಡ್ತಾರೆ?"

ಬಸ್ಸಿನವರ ಪಾಡು ಕೇಳಬೇಡಿ. "ಸ್ವಲ್ಪ ನಿಧಾನ ಹೊಡೀರಿ, ಮೂರನೇ ಪಾರ್ಟಿ ಬರ್ತಾ ಅದೆ" ಎಂದು ಭಾವ ಕೂಗಿದರೆ ಕಂಡಕ್ಟರು ಹಣೆ ಚಚ್ಚಿಕೊಳ್ಳುತ್ತಿದ್ದರಂತೆ. "ರೈಟರೇ, ಇದು ಬಸ್ಸು. ಸರ್ವೆ ಜೀಪಲ್ಲ!" ಆದರೆ ತಿಂಗಳೊಪ್ಪತ್ತಿನಲ್ಲಿ ಅದೇ ಕಂಡಕ್ಟರು ಬಾಗಿಲಲ್ಲಿ ನಿಂತು, "ಹಲಸಿನಮರಾ! ಎರಡನೇ ಪಾರ್ಟಿಯೋರು ಮಾತಾಡ್ಕಳಿ, ಮುಂದೆ ಹದಿಮೂರು ನಿಮಿಷ ಯಾರಿಗೂ ಇಲ್ಲಾ!" ಎಂದು ಕೂಗತೊಡಗಿದರು. ಬಸ್ಸಿಗೆ ಬಸ್ಸೇ ಕಿವಿಗೆ ಫೋನ್ ಹಚ್ಚಿಕೊಳ್ಳುತ್ತಿತ್ತು.

ಆ ಹದಿಮೂರು ನಿಮಿಷ ಭಾವನ ಮಗ್ಗುಲ ಮುಳ್ಳು. ಏಳು ನಲವತ್ತೆರಡರಿಂದ ಏಳು ಐವತ್ತೈದರವರೆಗೆ ಬಸ್ಸು ಕಾಡಿನ ಇಳಿಜಾರಿನಲ್ಲಿ ಹೋಗುವಾಗ ಮೂರೂ ಪಾರ್ಟಿಗಳು ಸತ್ತು ಮಲಗುತ್ತಿದ್ದವು. ಕಂಪನಿಗಳಿಗೆ ಅರ್ಜಿ ಹಾಕಿದರು. "ನಿಮ್ಮ ಪ್ರದೇಶದಲ್ಲಿ ಸೇವೆ ಅತ್ಯುತ್ತಮವಾಗಿದೆ" ಎಂದು ಒಂದು ಕಂಪನಿಯ ಮೆಸೇಜು ಬಂತು. ಬಂದದ್ದು ಮರುದಿನ, ಭಾವ ಗುಡ್ಡ ಹತ್ತಿದ ಮೇಲೆ! ಕಂಪನಿಗೆ ಬೇಡವಾದರೆ ಬೇಡ ಎಂದು ಆಸ್ಪತ್ರೆಗೇ ಬರೆದರು: ಸೋಮವಾರ, ಬುಧವಾರ, ಶುಕ್ರವಾರಗಳಂದು ಸದರಿ ಹದಿಮೂರು ನಿಮಿಷ ಬಿಟ್ಟು ಉಳಿದ ವೇಳೆಯಲ್ಲಿ ಕರೆ ಮಾಡತಕ್ಕದ್ದು.

ಅಕ್ಕ ಅದನ್ನೋದಿ ಬಿದ್ದು ಬಿದ್ದು ನಕ್ಕಳು. "ಅಲ್ರೀ ಮಾರಾಯ್ರೇ, ಸಾಯೋರಿಗೂ ಒಂದು ಕಾಪಿ ಕಳ್ಸಿ. ನಿಮ್ ಬಸ್ಸಿನ ಟೈಮ್ ನೋಡ್ಕಂಡು ಸಾಯ್ಲಿ ಪಾಪ." ನಕ್ಕು ದಮ್ಮು ಹತ್ತಿ ಗೋಡೆ ಹಿಡಿದು ಕೂತಳು. ಭಾವ ನಗಲಿಲ್ಲ.

ನಮ್ಮ ಮನೆಗೆ ಸತ್ಯನಾರಾಯಣ ಪೂಜೆಗೆ ಬಂದಾಗಲೂ ಅಷ್ಟೇ. ಭಟ್ಟರು ಕಥೆ ಓದುತ್ತಿದ್ದಾರೆ, ಇವರು ಮೂರು ಫೋನು ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದಾರೆ. ಕೊನೆಗೆ ದೇವರ ಕೋಣೆಗೇ ನುಗ್ಗಿ, "ಇಲ್ಲಿ ಮೂರು ಪಾರ್ಟಿನೂ ಪೂರ್ತಿ ಅದೆ! ಊಟ ಆದ್ಮೇಲೆ ಅವ್ಳು ಇಲ್ಲೇ ಮಲಗ್ಲಿ" ಎಂದು ಘೋಷಿಸಿದರು. ಭಟ್ಟರು ಕಣ್ಣು ಬಿಟ್ಟರು. ನಮ್ಮ ನೆಂಟರೊಬ್ಬರು "ಕವಲೇದುರ್ಗದ ಕೋಟೆ ತುದೀಲಿ ಫುಲ್ ಸಿಗ್ತದೆ ರೈಟರೇ, ಅಲ್ಲೇ ಮನೆ ಮಾಡಿ" ಎಂದು ಛೇಡಿಸಿದರೆ, ಭಾವ ಪುಸ್ತಕ ತೆಗೆದು, "ಯಾವ್ ಕಂಪನಿದು?" ಎಂದು ಕೇಳಿದರು.

ಅಕ್ಕ ಅವತ್ತು ದೇವರ ಮುಂದೆ ಚಾಪೆಯ ಮೇಲೆ ಮಲಗಿ ನನ್ನನ್ನು ಹತ್ತಿರ ಕರೆದಳು. ಡಯಾಲಿಸಿಸ್ಸಿನ ಸೂಜಿ ಚುಚ್ಚಲು ಅವಳ ಎಡಗೈಯಲ್ಲಿ ರಕ್ತನಾಳ ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ರಕ್ತ ಹರಿಯುವುದು ಝುಂಯ್ ಎನ್ನುತ್ತದೆ. ಹಾಗೆ ಅನ್ನುತ್ತಿದೆಯೋ ಇಲ್ಲವೋ ದಿನಾ ನೋಡಿಕೊಳ್ಳಬೇಕು. ಭಾವ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅಲ್ಲಿ ಬೆರಳಿಡುತ್ತಿದ್ದರಂತೆ. "ನಾನು ಹೇಳ್ತೀನಿ, ಇಲ್ಲಿ ಫುಲ್ ಅದೆ ನೋಡಿ, ಬರ್ಕಳಿ ಅಂತ" ಎಂದು ಅಕ್ಕ ನಕ್ಕಳು. ನನ್ನ ಬೆರಳನ್ನೂ ಇಡಿಸಿದಳು. ಆ ನಡುಕ ಮುಟ್ಟಿ ನನಗೆ ಅಳು ಬಂತು.

ಎಷ್ಟೋ ತಿಂಗಳ ಹೋಲಿಕೆಯ ನಂತರ ತೀರ್ಪು ಬಂತು: ಒಟ್ಟಾರೆ ಎರಡನೇ ಪಾರ್ಟಿಯೇ ವಾಸಿ. ಅದೇ ನಂಬರನ್ನು ಆಸ್ಪತ್ರೆಗೆ ಕೊಟ್ಟರು. "ಇನ್ನು ಸಾಕು ಮಾರಾಯ್ರೇ, ನಿಲ್ಸಿ" ಎಂದು ಅಕ್ಕ ಅಂದರೆ ಕೇಳಿದರೆ ತಾನೇ? ಮಳೆ ಬಂದರೆ ಬದಲಾಗುತ್ತದೆ, ಕರೆಂಟು ಹೋದರೆ ಬದಲಾಗುತ್ತದೆ, ದಿನಾ ನೋಡಬೇಕು ಎಂದರು. ನನ್ನ ಏಳು ನಲವತ್ತರ ಡ್ಯೂಟಿ ಮುಂದುವರಿಯಿತು. ನನಗೂ ಬೇಸರ ಬಂದಿತ್ತು, ಸುಳ್ಳೇಕೆ ಹೇಳಲಿ? ಸ್ಟಾಫ್ ರೂಮಿನಲ್ಲಿ ಭಾವನನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ಒಂದು ಶುಕ್ರವಾರ ಏಳು ನಲವತ್ತಕ್ಕೆ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಒಲೆ ಆರಿಸಿ, ಬಟ್ಟೆ ಹುಡುಕಿ, ಒರೆಸುವಷ್ಟರಲ್ಲಿ ಶಾಲೆಗೆ ಹೊತ್ತಾಯಿತು. ಮಿಸ್ಡ್ ಕಾಲ್ ಮರೆತೇಹೋಯಿತು.

ಸಂಜೆ ನೆನಪಾಗಿ, ಬೈಸಿಕೊಳ್ಳಲು ತಯಾರಾಗಿಯೇ ಫೋನ್ ಮಾಡಿದೆ. ಎತ್ತಿದ್ದು ಅಕ್ಕ.

"ಬೆಳಿಗ್ಗೆ ಆಸ್ಪತ್ರೆಯವ್ರು ಮಾಡಿದ್ರು ಕಣೇ," ಅಂದಳು. "ಹಲಸಿನಮರದ ಹತ್ರ. ನಿಂದು ಅಂತ ತಿಳ್ಕಂಡು ಇವ್ರು ನೋಡ್ದೆ ಕಟ್ ಮಾಡ್ಬಿಟ್ರು. ಆಮೇಲೆ ಹದಿಮೂರು ನಿಮಿಷ ಇಲ್ವಲ್ಲ. ಅವ್ರು ಮತ್ತೆ ಮತ್ತೆ ಮಾಡಿದಾರೆ. ಗುಡ್ಡ ಹತ್ತಿದ್ಮೇಲೆ ಇವ್ರು ಮಾಡಿದ್ರೆ, ಮುಂದಿನವ್ರು ಹೊರಟಾತು ಅಂದ್ರಂತೆ."

"ಅಕ್ಕಾ, ನಾನು ಇವತ್ತು ಮಾಡೇ ಇಲ್ವೇ. ಹಾಲು ಉಕ್ಕಿ ಹೋತು, ಮರ್ತೇಬಿಟ್ಟೆ" ಅಂದೆ. ನಾನು ಹೊತ್ತಿಗೆ ಮಾಡಿ ಮುಗಿಸಿದ್ದರೆ, ಎರಡನೇ ಸಲ ರಿಂಗಾದ ಫೋನನ್ನು ಭಾವ ನೋಡಿಯೇ ನೋಡುತ್ತಿದ್ದರು.

"ಹೌದನಾ? ಇರ್ಲಿ ಬಿಡು. ಒಲೆ ಒರೆಸಿದ್ಯಾ?" ಅಂದಳು ಅಕ್ಕ. ಆಮೇಲೆ, "ಅದೇನು ಮಣ್ಣುಪಾಲಾಗ್ಲಿಲ್ವಲ್ಲೇ. ಯಾರಿಗೋ ಹಾಕ್ತಾರೆ. ಅವ್ರಿಗೂ ಮನೇಲಿ ಯಾರೋ ಕಾಯ್ತಿರ್ತಾರೆ" ಅಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನೊಂದು ಕರೆ ಬರಲೇ ಇಲ್ಲ. ನಾನು ಹೊಸನಗರಕ್ಕೆ ಹೋಗುವುದನ್ನೇ ಕಮ್ಮಿ ಮಾಡಿದೆ. ಹೋದರೂ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ಇಬ್ಬರ ಮುಖ ತಪ್ಪಿಸುತ್ತಿದ್ದೆ. ಭಾವ ಆ ಶುಕ್ರವಾರದ ಮಾತು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅಕ್ಕ ಹೋದಳು.

ಹದಿಮೂರನೇ ದಿನ ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಭಾವ ಆ ಉದ್ದನೆಯ ಪುಸ್ತಕವನ್ನು ನನ್ನ ಕೈಗಿಟ್ಟರು. "ನಿಮ್ಮಕ್ಕ ಕೊಡಕ್ಕೆ ಹೇಳಿದ್ಲು. ಕೊನೇ ಪುಟ ನೋಡು" ಎಂದು ಹೇಳಿ ಹಿತ್ತಲಿಗೆ ಹೋಗಿಬಿಟ್ಟರು.

ಕೊನೆಯ ಪುಟದಲ್ಲಿ ಕಡ್ಡಿಗಳ ಲೆಕ್ಕ ಇರಲಿಲ್ಲ. ಅವರ ದುಂಡು ಅಕ್ಷರದಲ್ಲಿ ಹೀಗಿತ್ತು:

"ಖುಲಾಸೆ ಪತ್ರ. ತೀರ್ಥಹಳ್ಳಿ ವಾಸಿ ನನ್ನ ನಾದಿನಿಗೆ ಹೊಸನಗರ ವಾಸಿಯಾದ ನಾನು ಬರೆದುಕೊಟ್ಟದ್ದು ಏನೆಂದರೆ, ಹಲಸಿನಮರದ ತಿರುವಿನಲ್ಲಿ ಬಂದ ಸದರಿ ಕರೆಯನ್ನು ನಾನು ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ನಂಬರು ನೋಡದೆ ಕಟ್ ಮಾಡಿರುತ್ತೇನೆ. ಇದರಲ್ಲಿ ನಿನ್ನದಾಗಲಿ, ನಿನ್ನ ಮನೆಯ ಹಾಲಿನದಾಗಲಿ ಯಾವ ತಪ್ಪೂ ಇರುವುದಿಲ್ಲ. ಈ ಬಗ್ಗೆ ಮುಂದೆಂದೂ ನೀನು ಮನಸ್ಸಿನಲ್ಲಿ ತಕರಾರು ಇಟ್ಟುಕೊಳ್ಳತಕ್ಕದ್ದಲ್ಲ."

ಕೆಳಗೆ ಭಾವನ ರುಜು. ಅದರ ಎಡಕ್ಕೆ 'ಸಾಕ್ಷಿ' ಎಂದು ಬರೆದು, ಊದಿದ ಬೆರಳುಗಳಿಂದ ಸೊಟ್ಟ ಸೊಟ್ಟಗೆ ನನ್ನ ಅಕ್ಕ ಸಹಿ ಹಾಕಿದ್ದಳು.

ಈಗ ಎರಡು ಫೋನು ಪೆಟ್ಟಿಗೆ ಸೇರಿವೆ. ಎರಡನೇ ಪಾರ್ಟಿ ಮಾತ್ರ ಭಾವನ ಜೇಬಿನಲ್ಲಿದೆ. ದಿನಾ ಬೆಳಿಗ್ಗೆ ಏಳು ನಲವತ್ತಕ್ಕೆ ನಾನು ಫೋನ್ ಮಾಡುತ್ತೇನೆ. ಒಂದು ರಿಂಗು ಪೂರ್ತಿ ಆಗುವ ಮೊದಲೇ ಎತ್ತುತ್ತಾರೆ.

"ಹಾಲು ಇಳಿಸಿದ್ಯನೇ?"

"ಇಳಿಸಿದೆ ಭಾವ."

ಆಮೇಲೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಆದರೂ ಅವರು ಕಟ್ ಮಾಡುವುದಿಲ್ಲ.