ಮಸ್ಕ್ಯುಲೋಸ್ಕೆಲಿಟಲ್ ಮರ್ಯಾದೆ

ಕೊಪ್ಪದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟ ನನ್ನಂಥವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ದಿನಾ ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಸೊಂಟ ಹಿಡಿದುಕೊಂಡು ಒಳಗೆ ಬರುತ್ತದೆ.

ಹೆಸರಿನ ತೂಕ

ಕಮ್ಮರಡಿಯ ಅಂಗಡಿಯವರೊಬ್ಬರಿಗೆ ಬೆನ್ನುನೋವು. "ಅಕ್ಕಿಮೂಟೆ ಎತ್ತುವಾಗ ಮಾಂಸಖಂಡ ಹಿಡಿದಿದೆ" ಎಂದೆ.

"ಇಷ್ಟೇನಾ? ಇದನ್ನ ನಮ್ಮಜ್ಜಿಯೂ ಹೇಳಿದ್ರು" ಎಂದು ಮುಖ ಸಪ್ಪೆ ಮಾಡಿದರು.

"ವೈದ್ಯರ ಭಾಷೆಯಲ್ಲಿ ಮಸ್ಕ್ಯುಲೋಸ್ಕೆಲಿಟಲ್ ನೋವು. ಅಂದರೆ ಮಾಂಸಖಂಡ, ಮೂಳೆ, ಕೀಲು ಇವುಗಳಿಗೆ ಸಂಬಂಧಪಟ್ಟಿದ್ದು."

ಅವರ ಮುಖ ಅರಳಿತು. "ಹಾಂ, ಈಗ ಬಸ್ ಚಾರ್ಜು ವಸೂಲಾಯ್ತು ನೋಡಿ!"

ಪಥ್ಯ

ನರಸಿಂಹರಾಜಪುರದಿಂದ ಕುತ್ತಿಗೆ ನೋವೆಂದು ಬಂದ ಸೊಸೆಯೊಬ್ಬಳು, "ಪಥ್ಯ ಎಂತದು ಸರ್?" ಎಂದಳು.

"ಪಥ್ಯ ಏನಿಲ್ಲ. ಭಾರ ಎತ್ತಬೇಡಿ, ಅಷ್ಟೇ."

"ಪಥ್ಯ ಇಲ್ಲದ ಕಾಯಿಲೆನ ಮನೇಲಿ ಯಾರು ನಂಬ್ತಾರೆ? ಬದನೆಕಾಯಿಯನ್ನಾದ್ರೂ ಬಿಡಿಸಿ."

"ಬದನೆಕಾಯಿಗೂ ಮಾಂಸಖಂಡಕ್ಕೂ ಸಂಬಂಧ ಇಲ್ಲಮ್ಮ."

"ಅದು ಮಾಂಸಖಂಡಕ್ಕೆ ಗೊತ್ತು ಸರ್, ನಮ್ಮತ್ತೆಗೆ ಗೊತ್ತಾ?"

ಅಣ್ಣ ತಮ್ಮ

ಅಡ್ಡಗದ್ದೆ ಕಡೆಯ ಹಿರಿಯರೊಬ್ಬರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಹೃದಯ ಗಟ್ಟಿಯಾಗಿತ್ತು. ಪಂಪ್‌ಸೆಟ್ ಎತ್ತಿ ಎದೆಯ ಮಾಂಸಖಂಡ ಉಳುಕಿದ್ದರಿಂದ ನನ್ನಲ್ಲಿಗೆ ಕಳಿಸಿದರು.

ಅವರು ಬಾಗಿಲು ಮುಚ್ಚಿ ಪಿಸುಗುಟ್ಟಿದರು: "ಮಾರಾಯ್ರೇ, ಹೊರಗೆ ಕೂತವ ನನ್ನ ತಮ್ಮ. ಪಕ್ಕದ ಮನೆಯವನೇ, ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದ. ಹಾರ್ಟು ಅಂತ ಕೇಳಿ ಓಡಿಬಂದಿದಾನೆ. ಬರೀ ಉಳುಕು ಅಂತ ಗೊತ್ತಾದ್ರೆ ಮತ್ತೆ ಬೇಲಿಯಾಚೆ ಹೋಗ್ತಾನೆ. ಕಾಯಿಲೆಯ ಇಂಗ್ಲಿಷ್ ಹೆಸರು ಮಾತ್ರ ಹೇಳಿ, ಅರ್ಥ ಹೇಳಬೇಡಿ."

ನನಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಹೊರಗೆ ಬಂದು ತಮ್ಮನಿಗೆ, "ಮಸ್ಕ್ಯುಲೋಸ್ಕೆಲಿಟಲ್. ಜೀವಕ್ಕೆ ಭಯವಿಲ್ಲ" ಎಂದಷ್ಟೇ ಹೇಳಿದೆ. ಅವರು ಅಣ್ಣನ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದರು.

ಕೆಲವು ದಿನ ಬಿಟ್ಟು ತಮ್ಮ ಒಬ್ಬರೇ ಬಂದರು, ಭುಜ ಉಜ್ಜಿಕೊಳ್ಳುತ್ತಾ. ಎಷ್ಟು ಒತ್ತಿ ನೋಡಿದರೂ ನೋವಿಲ್ಲ.

"ಅಣ್ಣನಿಗಾದ ಕಾಯಿಲೆಯೇ ನಂಗೂ ಆಗಿದೆ ಅಂತ ಹೇಳಿಬಿಡಿ" ಎಂದರು.

"ಅದು ಏನಂತ ಗೊತ್ತಾ ನಿಮಗೆ?"

"ಬರೀ ಉಳುಕು. ಅವತ್ತೇ ಮೊಬೈಲಲ್ಲಿ ನೋಡಿದ್ದೆ."

"ಮತ್ತೆ ನಿಮಗ್ಯಾಕೆ ಅದು?"

"ನಾನು ಅವನ ಮನೆಗೆ ಹೋಗಿ ನೋಡಿಕೊಂಡು ಬಂದಾಯ್ತಲ್ಲ ಮಾರಾಯ್ರೇ. ಇನ್ನು ಅವನು ನಮ್ಮನೆಗೆ ಬರಬೇಕು. ಸುಮ್ನೆ ಕರೆದ್ರೆ ಬರೋ ಆಸಾಮಿ ಅಲ್ಲ ಅವ!"