ನಂಜಪ್ಪ ಪಂಡಿತರ ಪಥ್ಯ

ಸೇಲಂನ ನೇಕಾರ ಪಳನಿಯಪ್ಪನ್ ಚೆಟ್ಟಿಯಾರ್ ಅವರ ಬಲಗಾಲಿನ ಹೆಬ್ಬೆರಳು ಒಂದು ಸೋಮವಾರ ಬೆಳಗ್ಗೆ ಇದ್ದಕ್ಕಿದ್ದಂತೆ ಊದಿಕೊಂಡು ಮನೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡಿತು. ಅದಕ್ಕೆ ಫ್ಯಾನಿನ ಗಾಳಿ ತಾಗಿದರೂ ಅವರು ಹಾಕುತ್ತಿದ್ದ ಕೂಗಿಗೆ ಅತ್ತ ಓಮಲೂರಿನಲ್ಲಿ ಬೆಂಗಳೂರು ಬಸ್ಸುಗಳು ಬ್ರೇಕು ಹಾಕುತ್ತಿದ್ದವು (ಎರಡು ನಿಂತದ್ದಕ್ಕೆ ಸಾಕ್ಷಿ ಇದೆ). ಮಗ್ಗದ ಗುಂಡಿಯಲ್ಲಿ ಹಲಗೆ ತುಳಿಯಬೇಕಾದ ಕಾಲು ಎರಡು ದಿಂಬಿನ ಮೇಲೆ ಪಾಳೇಗಾರನಂತೆ ಪವಡಿಸಿತ್ತು.

ಡಾಕ್ಟರು ರಕ್ತ ತೆಗೆದರು, ಸ್ಕ್ಯಾನ್ ಮಾಡಿಸಿದರು. ಬೆರಳಿಗೆ ಬಂದದ್ದು ಯೂರಿಕ್ ಆಸಿಡ್ಡಿನ ವಾತ. ಸಾಲದೆಂಬಂತೆ ಕಿಡ್ನಿಯಲ್ಲಿ ನಾಲ್ಕು ಮಿಲಿಮೀಟರಿನ ಒಂದು ಕಲ್ಲು. (ಪಳನಿಯಪ್ಪನ್ ಬೀದಿಯವರಿಗೆ ವರ್ಣಿಸುವಾಗ ಅದು ಸಂಕಗಿರಿ ಬೆಟ್ಟದಷ್ಟಿತ್ತು, ಮೇಲೊಂದು ಕೋಟೆಯೂ ಇತ್ತು.) ಇಷ್ಟಕ್ಕೆಲ್ಲ ಹೆದರುವ ಆಸಾಮಿಯಲ್ಲ ಅವರು. ಹೆದರಿದ್ದು ಡಾಕ್ಟರು ಹೇಳಿದ ಕೊನೆಯ ಮಾತಿಗೆ: ಮಟನ್ ಬಂದ್! ಇನ್ನು ಹದಿಮೂರೇ ದಿನಕ್ಕೆ ಕಡಯಂಪಟ್ಟಿಯಲ್ಲಿ ತಂಗಿ ರಾಜಾತಿಯ ಮೊಮ್ಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. ಏಳು ಕುರಿ. ಸೀರಗ ಸಂಬಾ ಅಕ್ಕಿಯ ಬಿರಿಯಾನಿ.

"ಈ ಡಾಕ್ಟ್ರಿಗೇನ್ ತೆರೀತದೆ, ಏನ್ ಗೊತ್ತೈತೆ? ನಮ್ಮನೇಲಿ ನಂಜಪ್ಪ ಪಂಡಿತರ ಪುಸ್ತಕ ಐತೆ!" ಎಂದು ಗುಡುಗಿದರು.

ನಂಜಪ್ಪ ಪಂಡಿತರೆಂದರೆ ಇನ್ನೂರು ವರ್ಷದ ಹಿಂದೆ ಧರ್ಮಪುರಿ ಸೀಮೆಯ ಯಾವನೋ ಪಾಳೇಗಾರನ ವಾತ, ಕಲ್ಲು ಎರಡನ್ನೂ ಇಳಿಸಿದ ವೈದ್ಯರು. ಪಳನಿಯಪ್ಪನ್ ಅವರ ಮುತ್ತಜ್ಜನ ಅಜ್ಜ. ಪುಸ್ತಕ ಕನ್ನಡದ ಕೈಬರಹ. ಈ ಮನೆಯವರೆಲ್ಲ ಜಗಳವಾಡುವುದು ಕನ್ನಡದಲ್ಲಿ, ಕನಸು ಕಾಣುವುದು ಕನ್ನಡದಲ್ಲಿ, ಆದರೆ ಓದಿದ್ದು ತಮಿಳು. ಹೀಗಾಗಿ ನಾಲ್ಕು ತಲೆಮಾರಿನಿಂದ ಸರಸ್ವತಿ ಪೂಜೆಯಂದು ಆ ಪುಸ್ತಕದ ಮೇಲೆ ಅರಿಶಿನ ಕುಂಕುಮ ಬಿದ್ದಿತ್ತೇ ಹೊರತು ಒಂದು ಕಣ್ಣೂ ಬಿದ್ದಿರಲಿಲ್ಲ. ಯಾರೂ ಓದದ ಪುಸ್ತಕ ಬಹಳ ಅನುಕೂಲದ್ದು. ಕಾಲುನೋವಿಗೆ ಆಡಿನ ಕಾಲಿನ ಸೂಪೇ ಮದ್ದೆಂದು ಪಂಡಿತರು ಬರೆದಿದ್ದಾರೆ ಅಂತ ಪಳನಿಯಪ್ಪನ್ ನಲವತ್ತು ವರ್ಷದಿಂದ ಸಾರಿಕೊಂಡು, ಕುಡಿದುಕೊಂಡು ಬಂದಿದ್ದರು.

ಓದಬಲ್ಲವಳು ಹೆಂಡತಿ ಮಾದಮ್ಮ ಒಬ್ಬಳೇ. ಕೊಳ್ಳೇಗಾಲದ ಹೆಣ್ಣು, ಏಳನೇ ಕ್ಲಾಸಿನ ತನಕ ಕನ್ನಡ ಕಲಿತವಳು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವಳನ್ನು ಯಾರೂ ಓದೆಂದು ಕೇಳಿರಲಿಲ್ಲ.

"ಓದ್ಲೇ ಮಾದಮ್ಮ. ಮಟನ್ ಬಗ್ಗೆ ಏನ್ ಏಳವ್ರೆ, ಮೊದ್ಲು ಅದು."

ಮಾದಮ್ಮ ಕನ್ನಡಕ ಏರಿಸಿ ಸಾಲಿನ ಮೇಲೆ ಬೆರಳಿಟ್ಟಳು. "ಮಾಂಸ ಮುಟ್ಬಾರ್ದಂತೆ. ನಲವತ್ತೆಂಟು ದಿವ್ಸ."

"ಸೂಪು?"

"ಸೂಪೂ ಇಲ್ಲ, ಮೂಳೆನೂ ಇಲ್ಲ. ಬೆಳಗ್ಗೆ ಹುರುಳಿ ಕಟ್ಟು, ಮಧ್ಯಾನ ಬಾಳೆದಿಂಡಿನ ರಸ, ಸಾಯಂಕಾಲ ನೆಗ್ಗಿಲುಮುಳ್ಳಿನ ಕಷಾಯ. ದಿನಾ ಆರು ಸೇರು ನೀರು. ಊತ ಇಳಿದ ಮ್ಯಾಲೆ ಆ ನೀರ್ನ ರೋಗಿನೇ ಒತ್ತು ತರ್ಬೇಕಂತೆ."

"ಪಾಳೇಗಾರ ನೀರು ಒತ್ತನಾ?"

"ಒತ್ತಿರ್ಬೇಕು. ಅದಕ್ಕೇ ವಾಸಿ ಆಗಿರೋದು."

"ಇನ್ನೇನೈತೆ?"

"ಹೆಂಡ್ತಿ ಮಾಡಿದ್ ಅಡುಗೆನ ಬೈಬಾರ್ದಂತೆ. ಬೈದ್ರೆ ಕಲ್ಲು ಬೆಳೀತೈತಂತೆ."

ಹತ್ತು ದಿನ ಪಥ್ಯ ನಡೆಯಿತು. ಆ ಹತ್ತು ದಿನದಲ್ಲಿ ಪಳನಿಯಪ್ಪನ್ ಹೊಟ್ಟೆಗೆ ಇಳಿದ ಹುರುಳಿಯ ಲೆಕ್ಕದಲ್ಲಿ ಅವರನ್ನು ಜಟಕಾ ಗಾಡಿಗೆ ಕಟ್ಟಬಹುದಿತ್ತು. ಬೆರಳಿನ ಊತ ಇಳಿಯಿತು. ಇಳಿದಷ್ಟೂ ಅನುಮಾನ ಏರಿತು.

ಶನಿವಾರ ಬೆಳಗ್ಗೆ ನೀರಿನ ಬಿಂದಿಗೆಯನ್ನು ಕುಕ್ಕಿ ಅವರು ಕೇಳಿಯೇಬಿಟ್ಟರು. "ಅಷ್ಟ್ ದೊಡ್ ಪಂಡಿತ ಅಡುಗೆ ಬೈಯೋದ್ನ ಬರೀತಾನಾ? ಇದು ನಿನ್ ಪುರಾಣ ಕಣ್ಲೇ!"

"ಬೇರೆ ಯಾರ್ ಹತ್ರಾನಾದ್ರೂ ಓದ್ಸಿ."

"ಓದಿಸ್ತೀನಿ, ನಿನ್ ಮುಂದೇನೇ! ಸುಳ್ಳಾದ್ರೆ ನಾಳೆ ಬಿರಿಯಾನಿ ನೀನೇ ಬಡಿಸ್ಬೇಕು."

"ನಿಜ ಆದ್ರೆ?"

"ಪಂಡಿತರು ಬರ್ದಂಗೆ ಒಂದಕ್ಷರ ಬಿಡ್ದೆ ನಡೀತೀನಿ. ಸತ್ತಿಯಮಾ!"

ಇಬ್ಬರೂ ಧರ್ಮಪುರಿ ಬಸ್ಸು ಹಿಡಿದರು. ಅಲ್ಲಿ ಹೊಸೂರು ಕಡೆಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮುನಿಕೃಷ್ಣಪ್ಪ ಮೇಷ್ಟರಿದ್ದರು. ಮೇಷ್ಟರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಪುಟ ತೆರೆದರು.

"ಮಾಂಸ ವರ್ಜ್ಯ. ಸರಿಯಾಗೇ ಇದೆ."

"ನಲವತ್ತೆಂಟು ದಿವ್ಸಾನಾ ವಾತಿಯಾರೇ?"

"ಅಲ್ಲ."

ಪಳನಿಯಪ್ಪನ್ ಮುಖದಲ್ಲಿ ಏಳು ಕುರಿ ಒಟ್ಟಿಗೆ ಕುಣಿದವು.

"ಮೂರು ಮಂಡಲ. ನೂರ ನಲವತ್ತನಾಲ್ಕು ದಿನ. ನೀರು ಎಂಟು ಸೇರು, ಹೊಳೆಯಿಂದ ಹೊತ್ತು ತರಬೇಕು. ಮತ್ತೆ ಇಲ್ಲೊಂದು ಪುಟ... ಬೆರಳಿಗೆ ಆರು ಜಿಗಣೆ ಕಚ್ಚಿಸಬೇಕು. ಇದನ್ನ ನಿಮಗೆ ಯಾರೂ ಓದಿ ಹೇಳಲಿಲ್ವಾ?"

ಮಾದಮ್ಮ ಸೆರಗು ಸರಿಮಾಡಿಕೊಂಡಳು. "ಪಾವಂ, ಇವ್ರು ತಡ್ಕೊಳಲ್ಲ ಅಂತ ಆ ಪುಟ ಮಗುಚಿಬಿಟ್ಟೆ ಸಾಮಿ."

ಪಳನಿಯಪ್ಪನ್‌ಗೆ ಉಳಿದದ್ದು ಒಂದೇ ಆಸರೆ. "ಹೆಂಡ್ತಿ ಅಡುಗೆ ಬೈಬಾರ್ದು ಅಂತ ಐತಾ? ಅದೇಳಿ!"

ಮೇಷ್ಟರು ಹಿಂದೆ ಮುಂದೆ ತಿರುವಿದರು. "ಅಡುಗೆಯ ಮಾತೇ ಇಲ್ಲ."

"ನೋಡುದ್ಯಾ! ಸಿಕ್ಕಾಕೊಂಡ್ಳು! ನಾನು ಆವತ್ತೇ..."

"ತಾಳಿ ಚೆಟ್ಟಿಯಾರೇ. ರೋಗಿ ಬಾಯೇ ಬಿಡಬಾರದು ಅಂತ ಇದೆ. ಮಾತಿನಿಂದ ವಾತ ಕೆರಳುತ್ತೆ. ಅನ್ನಕ್ಕೂ ಮದ್ದಿಗೂ ಬಿಟ್ಟು ಬೇರೆ ಯಾವುದಕ್ಕೂ ತುಟಿ ತೆರೆಯುವ ಹಾಗಿಲ್ಲ."

ತೆರೆದ ಬಾಯಿಯನ್ನು ಪಳನಿಯಪ್ಪನ್ ಹಾಗೆಯೇ ಮುಚ್ಚಿದರು. ಸತ್ಯ ಮಾಡಿಯಾಗಿತ್ತಲ್ಲ. (ಆರು ಜಿಗಣೆಗಳನ್ನು ಮಾತ್ರ ಮಾದಮ್ಮ ಬಸ್ಸಿನಲ್ಲಿ ದೊಡ್ಡ ಮನಸ್ಸಿನಿಂದ ಮನ್ನಾ ಮಾಡಿದಳು.)

ಮರುದಿನ ಕಡಯಂಪಟ್ಟಿಯಲ್ಲಿ ಸಾಲಾಗಿ ಎಲೆ ಹಾಕಿ ಬಿರಿಯಾನಿ ಬಡಿಸುತ್ತಿದ್ದರೆ ಪಳನಿಯಪ್ಪನ್ ಮುಂದೆ ಒಂದು ಲೋಟ ಹುರುಳಿ ಕಟ್ಟು ಕೂತಿತ್ತು. ಅಣ್ಣ ಉಪ್ಪು ಕಮ್ಮಿ ಎನ್ನಲಿಲ್ಲ, ಖಾರ ಜಾಸ್ತಿ ಎನ್ನಲಿಲ್ಲ, ರಾಜಾತಿಗೆ ಗಾಬರಿಯಾಯಿತು.

"ಅತ್ತಿಗೆ, ಅಣ್ಣಂಗೇನಾಯ್ತು? ಇಷ್ಟೊಂದ್ ಒಳ್ಳೇರಾಗವ್ರೆ!"

ಮಾದಮ್ಮ ಮೂಳೆ ಚೀಪುವ ನಡುವೆ ಎಲ್ಲವನ್ನೂ ವಿವರಿಸಿದಳು. ನಾಲ್ಕೇ ನಿಮಿಷದಲ್ಲಿ ಹೆಂಗಸರ ಸಾಲು ಅವಳನ್ನು ಸುತ್ತಿಕೊಂಡಿತು.

"ನಮ್ಮನೆಯೋರಿಗೂ ಮಂಡಿ ನೋವೈತೆ ಅತ್ತಿಗೆ, ಒಂದ್ ಜೆರಾಕ್ಸ್ ಕೊಡಿ."

"ನಂಗೊಂದು! ನಮ್ಮೋರಿಗೆ ನೋವಿಲ್ಲ, ಆದ್ರೂ ಇರ್ಲಿ."

ಎದುರು ಸಾಲಿನ ಗಂಡಸರು ಅರ್ಧ ನುಂಗಿದ ತುತ್ತಿನೊಡನೆ ಪಳನಿಯಪ್ಪನ್ ಅವರನ್ನು ದುರುಗುಟ್ಟಿ ನೋಡಿದರು. ಅದು ಕನ್ನಡದಲ್ಲಿದೆ ಕಣ್ರಪ್ಪಾ, ಇವರಾರಿಗೂ ಓದಲು ಬರುವುದಿಲ್ಲ, ಹೆದರಬೇಡಿ ಎಂದು ಕೂಗಿ ಹೇಳಬೇಕೆನ್ನಿಸಿತು ಅವರಿಗೆ. ತುಟಿ ತೆರೆಯುವಂತಿಲ್ಲ.

ಮಾದಮ್ಮ ಕೈ ತೊಳೆದು ಬಂದು ಹೇಳಿದಳು: "ಜೆರಾಕ್ಸ್ ಯಾಕ್ರವ್ವಾ? ನಾನೇ ಮನೆಮನೆಗೂ ಬಂದು ಓದ್ತೀನಿ. ಯಾರ್ಯಾರ ಗಂಡಂಗೆ ಏನೇನ್ ಓದ್ಬೇಕೋ, ಅದ್ನ ಮಾತ್ರ ಮೊದ್ಲೇ ಏಳ್ಬಿಡಿ."