ಎಡಗಡೆಯ ಆಸನ

ಕತ್ಬರ್ಟ್: ಒಂದು ಮಾತು ಹೇಳಬಹುದಿತ್ತಲ್ಲ, ಮ್ಯೂರಿಯಲ್.

ಮ್ಯೂರಿಯಲ್: ಏನಂತ?

ಕತ್ಬರ್ಟ್: ಸಣ್ಣಗಾಗ್ತಾ ಇದೀನಿ ಅಂತ.

ಮ್ಯೂರಿಯಲ್: ಒಂದೇ ಮನೇಲಿ ಇದೀವಿ. ಕಣ್ಣಿಗೆ ಬೀಳಲಿಲ್ವ?

ಕತ್ಬರ್ಟ್: ನಾನು ಗ್ಯಾರೇಜಲ್ಲಿದ್ದೆ.

ಡರ್ಬಿಶೈರಿನ ಗುಡ್ಡಗಳ ನಡುವೆ, ‘ಪಾದ್ರಿಯ ಏರು’ ಎಂದು ಹೆಸರಾದ ಕೆಸರುದಾರಿಯ ಬುಡದಲ್ಲಿ, ತುಂತುರು ಮಳೆಯನ್ನು ತೀರ್ಥದಂತೆ ನೆತ್ತಿಯ ಮೇಲೆ ಧರಿಸಿ ಹಳೆಯ ಕಾರುಗಳು ಸಾಲಾಗಿ ನಿಂತಿದ್ದವು. ಎರಡನೆಯ ಮಹಾಯುದ್ಧಕ್ಕೆ ಮೊದಲು ಹುಟ್ಟಿದ ಗಾಡಿಗಳಿಗೆಂದೇ ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಿದು. ವೇಗಕ್ಕೆ ಇಲ್ಲಿ ಮರ್ಯಾದೆಯಿಲ್ಲ. ನಿಲ್ಲದೆ ತುದಿಯನ್ನು ಮುಟ್ಟಿದ ಗಾಡಿಯೇ ಗೆದ್ದ ಗಾಡಿ. ಹಿಂದಿನ ಚಕ್ರಗಳು ಕೆಸರಿನಲ್ಲಿ ಜಾರದಿರಲೆಂದು, ಪಕ್ಕದಲ್ಲಿ ಕುಳಿತವರು ಆಸನದ ಮೇಲೆ ಎದ್ದೆದ್ದು ಕುಪ್ಪಳಿಸಿ ಭಾರ ಹಾಕಬೇಕೆಂಬುದು ಆ ಮಂದಿಯ ಸನಾತನ ಸಂಪ್ರದಾಯ. ಹತ್ತೊಂಬತ್ತು ವರ್ಷಗಳಿಂದ ಮ್ಯೂರಿಯಲ್ ಹ್ಯಾಸ್ಲಂ ತನ್ನ ಪತಿಯ ಎಡಬದಿಯಲ್ಲಿ ಕುಳಿತು ಹೀಗೆ ಕುಪ್ಪಳಿಸಿದ್ದಳು. ಅಷ್ಟೂ ವರ್ಷ ಗಾಡಿಯು ಅರ್ಧದಾರಿಯ ಓಕ್ ಮರದ ಬೇರಿನ ಬಳಿ ನಿಂತು, ನಿಟ್ಟುಸಿರಿಟ್ಟು, ಹಿಂದಕ್ಕೆ ಜಾರಿತ್ತು.

ಕತ್ಬರ್ಟ್: ಹೋದ ವರ್ಷ ನೀನು ಒಂದು ಸಲ ಕುಪ್ಪಳಿಸಿದ್ರೆ ಚಕ್ರ ನೆಲ ಕಚ್ಕೋತಿತ್ತು. ಈಗ ನೋಡಿದ್ರೆ ಸೀಟಿನ ಮೇಲೆ ಗುಬ್ಬಿ ಕೂತಂಗಿದೆ.

ಮ್ಯೂರಿಯಲ್: ಮದುವೆ ಆದ್ಮೇಲೆ ನಿನ್ನ ಬಾಯಿಂದ ಬಂದ ಮೊದಲ್ನೇ ಹೊಗಳಿಕೆ.

ಕತ್ಬರ್ಟ್: ಹೊಗಳಿಕೆ ಅಲ್ಲ, ದೂರು.

ಮ್ಯೂರಿಯಲ್: ಕೆರೇಲಿ ಈಜ್ತಿದೀನಿ. ಪೋರ್ಕ್ ಪೈ ಬಿಟ್ಟೆ. ಡಾಕ್ಟ್ರು ಎಷ್ಟು ಖುಷಿಪಟ್ರು ಗೊತ್ತ?

ಕತ್ಬರ್ಟ್: ಡಾಕ್ಟ್ರು ಗುಡ್ಡ ಹತ್ತಬೇಕಾಗಿಲ್ಲ. ನೀನು ಬೇಕೂಂತ್ಲೇ ಮಾಡಿದೀಯ. ಕ್ರಿಸ್‌ಮಸ್ ಊಟದಲ್ಲಿ ನಾನು ಮಾಡಿದ ಶಪಥ ನಿನಗೆ ಚೆನ್ನಾಗಿ ನೆನಪಿದೆ.

ಮ್ಯೂರಿಯಲ್: ಟರ್ಕಿ ಕೋಳಿ ಕೊಯ್ಯೋ ಚಾಕು ಎತ್ತಿ ಹಿಡಿದು ಮಾಡಿದ್ದೆ. ನನ್ನ ತಂಗಿ ಇನ್ನೂ ಸುಧಾರಿಸ್ಕೊಂಡಿಲ್ಲ.

ಕತ್ಬರ್ಟ್: ಈ ಸಲವೂ ತುದಿ ಮುಟ್ಟದಿದ್ರೆ, ಕೊಳ್ತೀನಿ ಅಂತ ಕಾಯ್ತಿರೋ ಆ ಸ್ವಿಸ್ ಮನುಷ್ಯನಿಗೆ ಗಾಡಿ ಮಾರ್ತೀನಿ ಅಂದೆ. ಅಂದಿದ್ದು ಅಂದಾಯ್ತು. ಅವನು ಇದನ್ನ ರತ್ನಗಂಬಳಿ ಮೇಲೆ ನಿಲ್ಲಿಸ್ತಾನಂತೆ, ಮ್ಯೂರಿಯಲ್. ಗಾಜಿನ ಕೋಣೇಲಿ. ಹೀಟರ್ ಹಾಕಿ.

ಮ್ಯೂರಿಯಲ್: ಅಂಥದ್ದೊಂದು ಹೀಟರ್ ನಮ್ಮ ಬೆಡ್‌ರೂಮಿಗೂ ಬಂದಿದ್ರೆ ಚೆನ್ನಾಗಿತ್ತು.

ಕತ್ಬರ್ಟ್: ನೋಡು, ನಿನಗೆ ಗಾಡಿ ತೊಲಗಿದ್ರೆ ಸಾಕು.

ಮ್ಯೂರಿಯಲ್: ನಾನು ಯಾವಾಗ ಹಾಗಂದೆ?

ಕತ್ಬರ್ಟನು ತನ್ನ ಸೀಟಿನಡಿಯಿಂದ ಹಂದಿಮಾಂಸ ತುಂಬಿದ ಒಂದು ಪೋರ್ಕ್ ಪೈ ತೆಗೆದು, ಶೋಕಾರ್ತನಿಗೆ ತಕ್ಕ ಗಾಂಭೀರ್ಯದಿಂದ ತಿನ್ನತೊಡಗಿದನು.

ಆ ಗಾಡಿಯ ಹೆಸರು ವಿದರ್ಬಿ ನೈನ್. ಮರದ ಅಸ್ಥಿಪಂಜರ, ಅದರ ಮೇಲೆ ಅಲ್ಯೂಮಿನಿಯಮ್ಮಿನ ತೊಗಲು, ಧ್ಯಾನಕ್ಕೆ ಕುಳಿತ ಕಪ್ಪೆಯ ಕಣ್ಣುಗಳಂತೆ ಎರಡು ದೀಪಗಳು, ಕುದುರೆಯ ಹೊಟ್ಟೆಗೆ ಬಿಗಿದಂತೆ ಬಾನೆಟ್ಟಿನ ಮೇಲೊಂದು ಚರ್ಮದ ಪಟ್ಟಿ. ನೋಡಿದವರು ಮೋಹಿತರಾಗುತ್ತಿದ್ದರು, ಕುಳಿತವರು ಒದ್ದೆಯಾಗುತ್ತಿದ್ದರು.

ಕತ್ಬರ್ಟ್: ಮೂವತ್ತನಾಲ್ಕನೇ ಇಸವೀಲಿ ಹನ್ನೊಂದೇ ಹನ್ನೊಂದು ಮಾಡಿದ್ರು. ಉಳಿದಿರೋದು ಮೂರು. ವಿದರ್ಬಿ ಅಣ್ಣ ಎಂಜಿನ್ ಮಾಡಿದ, ತಮ್ಮ ಬಾಡಿ ಮಾಡಿದ. ಇಬ್ಬರಿಗೂ ಮಾತಿರಲಿಲ್ಲ. ಅಂಥಾದ್ರಲ್ಲಿ ಎಂಥಾ ಗಾಡಿ ನೋಡು.

ಮ್ಯೂರಿಯಲ್: ಅದಕ್ಕೇ ಬಾಗಿಲು ಒಂದೇ ಇರೋದು. ಇನ್ನೊಂದನ್ನ ಅವನು ಮಾಡ್ತಾನೆ ಅಂತ ಇವನು, ಇವನು ಮಾಡ್ತಾನೆ ಅಂತ ಅವನು.

ಕತ್ಬರ್ಟ್: ಗಾಡಿ ಹಗುರ ಇರ್ಲಿ ಅಂತ ಬಿಟ್ಟಿದ್ದು.

ಮ್ಯೂರಿಯಲ್: ಹಗುರ ಆಗೋದು ಒಳ್ಳೇದು ಅಂತಾಯ್ತಲ್ಲ. ನಾನೂ ಅದನ್ನೇ ಮಾಡಿದೆ.

ಕತ್ಬರ್ಟ್: ನಿನಗೆ ಅರ್ಥ ಆಗಲ್ಲ. ಹೊಸ ಕಾರಲ್ಲಿ ಹೋಗೋದು ಅಂದ್ರೆ ಸೋಫಾ ಮೇಲೆ ಕೂತು ಕಿಟಕಿ ನೋಡಿದಂಗೆ. ಇದರಲ್ಲಿ ಹಾಗಲ್ಲ. ರಸ್ತೆ ಬೆನ್ನಿಗೆ ತಾಗುತ್ತೆ. ಮಳೆ ಎಲ್ಲಿ ಶುರುವಾಯ್ತು, ಕುರಿ ಹಿಂಡು ಎಲ್ಲಿ ಬಂತು, ಯಾರ ಮನೇಲಿ ಬೇಕನ್ ಹುರೀತಿದಾರೆ, ಎಲ್ಲಾ ಗೊತ್ತಾಗುತ್ತೆ.

ಮ್ಯೂರಿಯಲ್ (ಮೆಲ್ಲಗೆ): ಹೂಂ. ಗೊತ್ತಾಗುತ್ತೆ.

ಕತ್ಬರ್ಟನಿಗೆ ಇದು ಕೇಳಿಸಲಿಲ್ಲ. ಸ್ಪರ್ಧೆಯ ಮೇಲ್ವಿಚಾರಕ ಓಗ್ಡನ್ ಬಾವುಟ ಹಿಡಿದು ಗಾಡಿಯ ಬಳಿಗೆ ಬರುತ್ತಿದ್ದನು.

ಓಗ್ಡನ್: ಹ್ಯಾಸ್ಲಂ ಅವರೇ, ನಿಮ್ಮ ಮುಂದೆ ಒಂದೇ ಗಾಡಿ. ತಯಾರಿದೀರಾ?

ಕತ್ಬರ್ಟ್: ಎಡಗಡೆ ಭಾರ ಸಾಲ್ತಿಲ್ಲ, ಓಗ್ಡನ್. ಎರಡು ಕಲ್ಲು ಇಟ್ಕೋಬಹುದ?

ಓಗ್ಡನ್: ನಿಯಮ ಒಪ್ಪಲ್ಲ, ಸಾರ್. ಭಾರ ಉಸಿರಾಡ್ತಿರಬೇಕು.

ಕತ್ಬರ್ಟ್: ಹಾಗಾದ್ರೆ ಒಂದು ಕುರಿ?

ಓಗ್ಡನ್: ಕುರಿ ಕ್ಲಬ್ಬಿನ ಸದಸ್ಯ ಆಗಿರಬೇಕು.

ಕತ್ಬರ್ಟನು ದೀನದೃಷ್ಟಿಯಿಂದ ಡ್ಯಾಶ್‌ಬೋರ್ಡಿನ ಕಡೆಗೆ ನೋಡಿದನು. ಅಲ್ಲಿ ದೇವರ ಪಟದಂತೆ ಒಂದು ಹಳೆಯ ಛಾಯಾಚಿತ್ರವನ್ನು ಅಂಟಿಸಲಾಗಿತ್ತು: ಮೂವತ್ತಾರನೆಯ ಇಸವಿಯಲ್ಲಿ ಇದೇ ಗಾಡಿಯಲ್ಲಿ ಇದೇ ಏರಿನ ತುದಿಯನ್ನು ಮುಟ್ಟಿದ ಕ್ಯಾಪ್ಟನ್ ಹಾರ್ಬಿನ್, ಪಕ್ಕದಲ್ಲಿ ಇನ್ನೊಬ್ಬರು, ಬಾನೆಟ್ಟಿನ ಮರೆಗೆ ಸಿಕ್ಕಿ ಕಾಣದ ಸ್ಟಿಯರಿಂಗ್.

ಕತ್ಬರ್ಟ್: ಕ್ಯಾಪ್ಟನ್, ನೀವಾದ್ರೆ ಏನು ಮಾಡ್ತಿದ್ರಿ?

ಮ್ಯೂರಿಯಲ್: ಅವರನ್ನ ಕೇಳೋ ಮುಂಚೆ ನನಗೆ ಹೇಳು. ಕ್ಯಾಪ್ಟನ್ ಯಾವ ಕಡೆ ಕೂತಿದಾರೆ?

ಕತ್ಬರ್ಟ್: ಎಡಗಡೆ. ಫೋಟೋ ಕನ್ನಡೀಲಿ ಕಂಡಂಗೆ ತಿರುಗಾಮುರುಗಾ ಅಚ್ಚಾಗಿದೆ ಅಂತ ಕ್ಲಬ್ಬಿನ ಪತ್ರಿಕೇಲಿ ನಾಲ್ಕು ಪುಟ ಬರೆದಿದೀನಲ್ಲ.

ಮ್ಯೂರಿಯಲ್: ಹಾಗಾದ್ರೆ ನಂಬರ್ ಪ್ಲೇಟೂ ತಿರುಗಾಮುರುಗಾ ಇರಬೇಕಿತ್ತು. ಓದು.

ಕತ್ಬರ್ಟನು ಓದಿದನು. ಕನ್ನಡಕವನ್ನು ಒರೆಸಿಕೊಂಡು ಮತ್ತೆ ಓದಿದನು. ಅಕ್ಷರಗಳೂ ಅಂಕಿಗಳೂ ಕಿಂಚಿತ್ತೂ ನಾಚಿಕೆಯಿಲ್ಲದೆ ನೆಟ್ಟಗೆ ನಿಂತಿದ್ದವು.

ಕತ್ಬರ್ಟ್: ಹಾಗಾದ್ರೆ... ಸ್ಟಿಯರಿಂಗ್ ಹಿಡಿದಿರೋದು ಮೆಕ್ಯಾನಿಕ್.

ಮ್ಯೂರಿಯಲ್: ಮೆಕ್ಯಾನಿಕ್ ಮುತ್ತಿನ ಸರ ಹಾಕಿದಾನೆ.

ಕತ್ಬರ್ಟ್: ಅದು ಗ್ರೀಸ್ ಹನಿ ಅಂತ ಬರೆದಿದೀನಿ.

ಓಗ್ಡನ್ (ಬಗ್ಗಿ ನೋಡಿ): ಗ್ರೀಸ್ ಇಷ್ಟು ಸಾಲಾಗಿ ಬೀಳಲ್ಲ, ಸಾರ್.

ಮ್ಯೂರಿಯಲ್: ಕ್ಯಾಪ್ಟನ್ ಬಾಯಿ ನೋಡು. ಯಾಕೆ ಹಾಗೆ ತೆರೆದಿದೆ?

ಕತ್ಬರ್ಟ್: ವಿಜಯಘೋಷ.

ಮ್ಯೂರಿಯಲ್: ಕುಪ್ಪಳಿಸ್ತಾ ಇದಾರೆ, ಕತ್ಬರ್ಟ್. ಓಡಿಸ್ತಾ ಇರೋದು ಅವರ ಹೆಂಡ್ತಿ. ಇಳಿ ಈಗ.

ಕತ್ಬರ್ಟ್: ಯಾಕೆ?

ಮ್ಯೂರಿಯಲ್: ಪೈ ತಿನ್ನೋದು ನಾನು ಬಿಟ್ಟೆ. ಮನೆಗೆ ಪೈ ಬರೋದು ನಿಲ್ಲಲಿಲ್ಲ. ಯಾರು ತಿಂದ್ರು?

ಕತ್ಬರ್ಟನು ತಲೆ ತಗ್ಗಿಸಿ ತನ್ನನ್ನು ತಾನೇ ಅವಲೋಕಿಸಿಕೊಂಡನು. ಕೋಟಿನ ಗುಂಡಿಗಳು ಮುತ್ತಿಗೆಗೆ ಸಿಕ್ಕ ಕೋಟೆಯ ಕಾವಲುಗಾರರಂತೆ ಪ್ರಾಣವನ್ನು ಒತ್ತೆಯಿಟ್ಟು ನಿಂತಿದ್ದವು. ಆ ಮನೆಯ ಭಾರವು ಎಲ್ಲಿಗೂ ಹೋಗಿರಲಿಲ್ಲ. ಸ್ಥಾನವನ್ನು ಮಾತ್ರ ಬದಲಿಸಿತ್ತು.

ಕತ್ಬರ್ಟ್: ಆದ್ರೆ ಚಿನ್ನ, ಇದನ್ನ ಓಡಿಸೋಕೆ ನಿನಗೆ ಬರಲ್ಲ. ಇದರಲ್ಲಿ ಆಕ್ಸಿಲರೇಟರ್ ಮಧ್ಯ ಇದೆ, ಬ್ರೇಕ್ ಬಲಗಡೆ.

ಮ್ಯೂರಿಯಲ್: ಕೆರೆಗೆ ನಾನು ಹೇಗೆ ಹೋಗ್ತಿದ್ದೆ ಅಂದ್ಕೊಂಡೆ?

ಕತ್ಬರ್ಟ್: ಬಸ್ಸಲ್ಲಿ.

ಮ್ಯೂರಿಯಲ್: ಭಾನುವಾರ ಬೆಳಿಗ್ಗೆ ನಮ್ಮೂರಿಗೆ ಬಸ್ಸಿಲ್ಲ. ನೀನು ಚರ್ಚಲ್ಲಿ ಗಂಟೆ ಬಾರಿಸ್ತಿರ್ತೀಯ. ಆ ಸದ್ದಲ್ಲಿ ಯಾವ ಎಂಜಿನ್ ಕೇಳುತ್ತೆ?

ಕತ್ಬರ್ಟ್: ಸೋಮವಾರ ಸೋಮವಾರ ಸೀಟು ಒದ್ದೆ ಇರ್ತಿತ್ತಲ್ಲ. ಗ್ಯಾರೇಜ್ ಸೋರುತ್ತೆ ಅಂತ ಮೂರು ಸಲ ಹಂಚು ಬದಲಾಯಿಸಿದೆ.

ಮ್ಯೂರಿಯಲ್: ನನಗೂ ಪಾಪ ಅನ್ನಿಸ್ತು. ಅದಕ್ಕೇ ಏಣಿ ಹಿಡ್ಕೊಂಡೆ.

ಕತ್ಬರ್ಟ್: ಹಾಗಾದ್ರೆ ನಿನಗೆ ಗಾಡಿ ಮಾರೋದು ಬೇಡ?

ಮ್ಯೂರಿಯಲ್: ಮಾರೋ ಮಾತು ಆಡಿದ್ದು ನೀನು. ಆವತ್ತು ನಾನು ಅಂದಿದ್ದು ಪುಡ್ಡಿಂಗ್ ಬೇಡ ಅಂತ ಮಾತ್ರ.

ಇದ್ದ ಒಂದೇ ಬಾಗಿಲಿನಿಂದ ಇಬ್ಬರೂ ಇಳಿದರು. ಮ್ಯೂರಿಯಲ್ ಬಲಗಡೆಯ ಆಸನವನ್ನು ಅಲಂಕರಿಸಿದಳು. ಕತ್ಬರ್ಟನು ಮುಂದೆ ಹೋಗಿ ಹ್ಯಾಂಡಲನ್ನು ತಿರುಗಿಸಿ ಎಂಜಿನನ್ನು ಎಬ್ಬಿಸಿ, ಬಂದು ಎಡಗಡೆ ಕುಳಿತನು. ಅವನು ಕುಳಿತೊಡನೆ ಗಾಡಿಯ ಹಿಂಭಾಗವು ಭಕ್ತಿಯಿಂದ ಬಾಗಿತು. ಓಗ್ಡನ್ ಬಾವುಟವನ್ನು ಇಳಿಸಿದನು.

ಮ್ಯೂರಿಯಲ್: ಕುಪ್ಪಳಿಸು.

ಕತ್ಬರ್ಟ್: ಕುಪ್ಪಳಿಸ್ತಾನೇ ಇದೀನಿ.

ಮ್ಯೂರಿಯಲ್: ಅದು ಕುಪ್ಪಳಿಸೋದಲ್ಲ, ಚರ್ಚಲ್ಲಿ ಮಂಡಿ ಊರಿದಂಗಿದೆ. ಎದ್ದು ಬೀಳು.

ಕತ್ಬರ್ಟ್: ಪೈ ಮೇಲೆ ಬರ್ತಿದೆ.

ಮ್ಯೂರಿಯಲ್: ಒಳಗೇ ಇಟ್ಕೋ. ಅದರ ಭಾರವೂ ಬೇಕು.

ಕತ್ಬರ್ಟ್: ಓಕ್ ಬೇರು ಬಂತು. ಕಾಲು ತೆಗಿ, ಆಕ್ಸಿಲರೇಟರ್ ಬಿಡು.

ಮ್ಯೂರಿಯಲ್: ಹತ್ತೊಂಬತ್ತು ವರ್ಷ ನೀನು ಬಿಟ್ಟಿದ್ದು ಅಲ್ಲೇ.

ಅವಳು ಬಿಡಲಿಲ್ಲ, ಒತ್ತಿದಳು. ಗಾಡಿಯು ಬೇರನ್ನು ಹತ್ತಿತು. ಕತ್ಬರ್ಟನು ಗಾಳಿಗೆ ಎದ್ದನು, ಎದ್ದವನು ಸಕಲ ಪೈಗಳ ಸಮೇತ ಹಿಂದಿನ ಚಕ್ರದ ನೇರಕ್ಕೆ ಬಿದ್ದನು. ಚಕ್ರಗಳು ನೆಲವನ್ನು ಕಚ್ಚಿದವು. ಕೆಸರನ್ನು ಎರಡು ರೆಕ್ಕೆಗಳಂತೆ ಹಾರಿಸುತ್ತ ವಿದರ್ಬಿಯು ತುದಿಯ ಹಸಿರು ಹುಲ್ಲಿನ ಮೇಲೆ ಹೋಗಿ ನಿಂತಿತು.

ಕತ್ಬರ್ಟನು ಕಣ್ಣು ಒರೆಸಿಕೊಂಡನು; ಕೆಸರು ಬಿದ್ದಿತ್ತು ಎಂದು ಆಮೇಲೆ ಹೇಳಿದನು.

ಕತ್ಬರ್ಟ್: ಸ್ವಿಸ್ ಮನುಷ್ಯನಿಗೆ ಏನಂತ ಹೇಳೋದು?

ಮ್ಯೂರಿಯಲ್: ಗಾಡಿಗೆ ಡ್ರೈವರ್ ಸಿಕ್ಕಿದಾಳೆ ಅಂತ ಹೇಳು.

ಅಷ್ಟರಲ್ಲಿ ಕ್ಲಬ್ಬಿನ ಛಾಯಾಗ್ರಾಹಕಿ ಓಡಿಬಂದು, ಮುಂದಿನ ಸಂಚಿಕೆಯ ಮುಖಪುಟಕ್ಕೆಂದು ಕ್ಯಾಮೆರಾ ಎತ್ತಿದಳು.

ಕತ್ಬರ್ಟ್: ಒಂದ್ನಿಮಿಷ, ತಾಯಿ. ಫೋಟೋನ ತಿರುಗಿಸಿ ಅಚ್ಚು ಹಾಕೋಕೆ ಬರುತ್ತ?

ಛಾಯಾಗ್ರಾಹಕಿ: ಬರುತ್ತೆ, ಸಾರ್. ಆದ್ರೆ ನಂಬರ್ ಪ್ಲೇಟೂ ತಿರುಗುತ್ತಲ್ಲ.

ಕತ್ಬರ್ಟನು ಇಳಿದು, ಎರಡು ಕೈ ತುಂಬ ಕೆಸರೆತ್ತಿ, ನಂಬರ್ ಪ್ಲೇಟಿಗೆ ಶ್ರದ್ಧೆಯಿಂದ ಲೇಪಿಸತೊಡಗಿದನು. ಮ್ಯೂರಿಯಲ್ ತನ್ನ ಮಫ್ಲರನ್ನು ಸಡಿಲಿಸಿ, ಒಳಗಿದ್ದ ಮುತ್ತಿನ ಸರವನ್ನು ಮೇಲಕ್ಕೆಳೆದುಕೊಂಡಳು.

ಮ್ಯೂರಿಯಲ್: ಮೆತ್ತು, ಚೆನ್ನಾಗಿ ಮೆತ್ತು. ಆದ್ರೆ ಇದನ್ನೂ ಗ್ರೀಸ್ ಅಂತ ಬರೆದೀಯ, ಜೋಕೆ.